ಎರಡೂ ಕೈ ಹ್ಯಾಂಡಲ್ ಮೇಲೆ

ಸಾವಾ ನದಿಯ ಮೇಲೆ ತೇಲುಮನೆ ಕಟ್ಟಿಕೊಂಡವರಿಗೆ ನೀರು ಸ್ಕೂಟರಿನ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅದು ಬುರ್ರೆಂದು ಹೋದ ಸ್ವಲ್ಪ ಹೊತ್ತಿಗೆ ಅಲೆ ಬರುತ್ತದೆ. ಅಲೆ ಬಂದರೆ ಡ್ರಮ್ಮುಗಳ ಮೇಲೆ ನಿಂತ ಮನೆ ಅಲ್ಲಾಡುತ್ತದೆ, ಮನೆ ಅಲ್ಲಾಡಿದರೆ ಒಲೆಯ ಮೇಲಿನ ಮೀನಿನ ಸಾರು ತುಳುಕಿ ಬೆಂಕಿಗೆ ಬೀಳುತ್ತದೆ. ಬೆಳಗಿನಿಂದ ಕುದಿಸಿದ ಸಾರು ಹಾಗೆ ಹೋದರೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಈ ಸಿಟ್ಟನ್ನು ಕೂಡಿಹಾಕಿದರೆ ಓಟಾಗುತ್ತದೆ ಎಂದು ಮೊದಲು ಹೊಳೆದದ್ದು ಜಿವೊರಾದನಿಗೆ.

ಜಿವೊರಾದ್ ಬೆಲ್‌ಗ್ರೇಡಿನ ಟ್ರಾಮ್ ಡಿಪೊದಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ಅಲ್ಲಿ ಒಂದು ಡಿಪೊ ಜನ ಅವನ ಮಾತು ಕೇಳುತ್ತಿದ್ದರು. ತೇಲುಮನೆಗೆ ಬಂದ ಮೇಲೆ ಹೆಂಡತಿ ರೂಜಿತ್ಸಾ ಒಬ್ಬಳೇ ಅಷ್ಟನ್ನೂ ಕೇಳಬೇಕಾಯಿತು. ಇಷ್ಟು ಸಣ್ಣ ಸಭೆ ಅವನಿಗೆ ಸಾಲಲಿಲ್ಲ. ಹಾಗಾಗಿ ಆ ಬೇಸಿಗೆಯಲ್ಲಿ ತೇಲುಮನೆ ಮಾಲೀಕರ ಸಂಘದ ಅಧ್ಯಕ್ಷನ ಸ್ಥಾನಕ್ಕೆ ನಿಂತ. ಎದುರಾಳಿ ಬ್ಲಾಗೊಯೆ, ಹಾಲಿ ಅಧ್ಯಕ್ಷ. ವರ್ಷದ ಊಟಕ್ಕೆ ಹಂದಿ ಸುಡಬೇಕೋ ಕುರಿ ಸುಡಬೇಕೋ ಎಂಬುದೊಂದನ್ನು ಬಿಟ್ಟರೆ ಅವನು ಜೀವಮಾನದಲ್ಲಿ ಬೇರೇನನ್ನೂ ತೀರ್ಮಾನಿಸಿದವನಲ್ಲ. ಆ ಕಾರಣಕ್ಕೇ ಎಲ್ಲರಿಗೂ ಬೇಕಾದವನು. ಅಂಥವನನ್ನು ಸೋಲಿಸಲು ದೊಡ್ಡ ಮಾತು ಬೇಕಿತ್ತು. ಜಿವೊರಾದ್ ಒಂದೇ ಒಂದು ಭರವಸೆ ಕೊಟ್ಟ.

"ನನ್ನನ್ನ ಗೆಲ್ಸಿ. ಈ ಬೇಸಿಗೆ ಮುಗಿಯೋದ್ರೊಳಗೆ ಒಂದೇ ಒಂದು ಸ್ಕೂಟರ್ ನಮ್ಮ ಸಾಲಿನ ಮುಂದೆ ಸುಳಿದ್ರೆ ಕೇಳಿ."

ಇದನ್ನು ಅವನು ಮನೆಮನೆಗೆ ಹೋಗಿ ಹೇಳಿದ. ಮನೆಗಳ ಮುಂದೆ ಸ್ಕೂಟರುಗಳು ಆಮೆಯ ಹಾಗೆ ಹೋಗಬೇಕು ಎಂದು ಅರ್ಜಿ ಬರೆದು, ಎಲ್ಲರ ಸಹಿ ಹಾಕಿಸಿ, ಬಂದರು ಕಚೇರಿಯಿಂದ ಆ ನಿಯಮವನ್ನೂ ಮಾಡಿಸಿದ. ಜನ ತಲೆದೂಗಿದರು. ಗೆಲುವು ಹತ್ತಿರ ಬಂದಂತೆ ಅವನಿಗೆ ಕಂಡಿತು.

ಈ ನದಿಯ ಒಂದು ರಿವಾಜು ಇದೆ. ನೀರಿನಲ್ಲಿ ಯಾರು ಹೋದರೂ ದಂಡೆಯವರು ಕೈ ಎತ್ತಬೇಕು, ಹೋಗುವವರೂ ಎತ್ತಬೇಕು. ಅಪ್ಪಂದಿರ ಕಾಲದ ಜಗಳವಿದ್ದರೂ ಸರಿ, ಕೈ ಎತ್ತಿ ಆಮೇಲೆ ಮುಖ ತಿರುಗಿಸಬೇಕು. ಸ್ಕೂಟರಿನವರಿಗೂ ಮೊದಲು ಕೈ ಎತ್ತಿ, ಅವರು ಮುಂದೆ ಹೋದ ಮೇಲೆ ಅವರ ತಾಯಿಯನ್ನು ನೆನೆಯುತ್ತಾರೆ. ಕೈ ಎತ್ತಿದವನ ದೋಣಿ ನಿಂತಿತೆಂದರೆ ಅವನು ಆ ಮನೆಗೆ ನೆಂಟನಾಗಿ ಬಂದನೆಂದೇ ಲೆಕ್ಕ. ಆಗ ಮನೆಯ ಯಜಮಾನ ಕೂತಲ್ಲಿಂದಲೇ ಕೂಗುತ್ತಾನೆ. ಹೆಂಡತಿ ಎದ್ದು ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ, ಕಾಫಿ, ಒಂದು ಚಮಚ ಹಣ್ಣಿನ ಪಾಕ ತರುತ್ತಾಳೆ. ಜಿವೊರಾದನ ಅತಿಥಿಸತ್ಕಾರ ನದಿಯ ಉದ್ದಕ್ಕೂ ಹೆಸರುವಾಸಿ. ಅದರಲ್ಲಿ ಅವನ ಪಾಲು ಕೂಗುವುದು.

ಚುನಾವಣೆ ಹತ್ತಿರ ಬಂದಾಗಲೇ ಅವನ ಹುಟ್ಟುಹಬ್ಬವೂ ಬಂತು. ಅಳಿಯ ನೋವಿ ಸಾದ್ ಎಂಬ ಊರಿನಲ್ಲಿ ಇರುವವನು. ಮಾವನ ಹೋರಾಟದ ವಿಷಯವನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದ, ಆದರೆ ಮಾವನ ಫೋನನ್ನು ಅವನು ಟಿವಿ ನೋಡುತ್ತಲೇ ಕೇಳುವುದು. ಅವನು ಕಳಿಸಿದ ಲಕೋಟೆಯಲ್ಲಿ ಒಂದು ಬಣ್ಣದ ಚೀಟಿ ಇತ್ತು: ನದಿಯಲ್ಲಿ ಜೆಟ್ ಸ್ಕೀ ಸವಾರಿ, ಹೊಸಬರಿಗಾಗಿ, ಮಾರ್ಗದರ್ಶಕರ ಜೊತೆ, ಇಬ್ಬರಿಗೆ.

"ಅಳಿಯನಿಗೆ ತಲೆ ನೆಟ್ಟಗಿಲ್ಲ," ಎಂದ ಜಿವೊರಾದ್. "ಬ್ಲಾಗೊಯೆ ಕಣ್ಣಿಗೆ ಇದು ಬಿದ್ರೆ ನನ್ನ ಕಥೆ ಮುಗೀತು. ಹರಿದು ಒಲೆಗೆ ಹಾಕು."

"ದುಡ್ಡು ಕೊಟ್ಟಿದ್ದಾನೆ ಮಾರಾಯಾ, ಹರೀತಾರಾ ಯಾರಾದ್ರೂ," ಎಂದಳು ರೂಜಿತ್ಸಾ. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಸಲ ಓದಿದಳು. "ಇಬ್ಬರಿಗೆ ಅಂತ ಇದೆ."

"ಇದ್ರೆ?"

"ಏನಿಲ್ಲ. ಇದೆ ಅಂದೆ."

"ನಿನ್ನ ಬಿಪಿ ಇಟ್ಕೊಂಡಾ? ಒದ್ದೆ ಕೂದಲಲ್ಲಿ ಗಾಳಿಗೆ ಕೂತ್ರೆ ಒಂದು ವಾರ ಹಾಸಿಗೆ ಹಿಡೀತೀಯ. ಆಮೇಲೆ ಸಾರು ಯಾರು ನೋಡ್ಕೋತಾರೆ?"

ರೂಜಿತ್ಸಾ ಚೀಟಿಯನ್ನು ಸಕ್ಕರೆ ಡಬ್ಬದ ಕೆಳಗಿಟ್ಟು ಮೀನು ಉಜ್ಜಲು ಹೋದಳು.

ದಿನಾ ಬೈಯುವ ವಸ್ತುವಿನ ಮೇಲೆ ಮನುಷ್ಯನಿಗೆ ಒಂದು ಬಗೆಯ ಮೋಹ ಬೆಳೆಯುತ್ತದೆ. ಸ್ಕೂಟರು ಹೋದಾಗಲೆಲ್ಲ ಜಿವೊರಾದ್ ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಿದ್ದ, ಎಲ್ಲರಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡುತ್ತಿದ್ದ. ಚುನಾವಣೆ ಭಾನುವಾರವೆಂದರೆ ಅದರ ಹಿಂದಿನ ಮಂಗಳವಾರ ಅವನಿಗೆ ತಡೆಯಲಾಗಲಿಲ್ಲ. ಸಕ್ಕರೆ ಡಬ್ಬ ಎತ್ತಿ ಚೀಟಿ ತೆಗೆದ. "ಶತ್ರುವನ್ನ ಒಳಗಿಂದ ತಿಳ್ಕೋಬೇಕು," ಎಂದು ಹೆಂಡತಿಗೆ ಹೇಳಿದ. ಮಗಳ ಹಳೆಯ ಕಪ್ಪು ಕನ್ನಡಕ ಹಾಕಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಬಸ್ಸು ಹತ್ತಿ, ತನ್ನನ್ನು ಯಾರೂ ಗುರುತಿಸದ ಆಚೆ ದಂಡೆಗೆ ಹೋದ.

ಅಲ್ಲಿ ಪಾಠ ಹೇಳುವವಳು ನೆವೆನಾ ಎಂಬ ಹುಡುಗಿ. ಬಿಸಿಲಿಗೆ ಅವಳ ಮೂಗಿನ ಸಿಪ್ಪೆ ಸುಲಿದಿತ್ತು. ಚೀಟಿಯ ಅರ್ಧ ಹರಿದುಕೊಂಡು ಉಳಿದರ್ಧ ವಾಪಸ್ಸು ಕೊಟ್ಟಳು.

"ಇನ್ನೊಬ್ಬರು ಯಾವಾಗ ಬೇಕಾದ್ರೂ ಬರಬಹುದು ಚಿಕ್ಕಪ್ಪಾ, ಬೇಸಿಗೆ ಪೂರ್ತಿ ನಡೆಯುತ್ತೆ. ಈಜು ಬರುತ್ತಾ ನಿಮಗೆ?"

"ಸಾವಾ ಮೇಲೆ ಮನೆ ಇದೆ ಮಗಾ ನಂದು."

"ನಾನು ಮನೆ ಕೇಳಲಿಲ್ಲ."

"ಬರುತ್ತೆ."

ತೇಲುಕೋಟು ತೊಡಿಸಿ, ಸುರುಳಿ ಸುತ್ತಿದ ಒಂದು ಕೆಂಪು ದಾರವನ್ನು ಅವನ ಎಡ ಮಣಿಕಟ್ಟಿಗೆ ಬಿಗಿದಳು. "ಇದರ ಇನ್ನೊಂದು ತುದಿ ಗಾಡೀಲಿರುತ್ತೆ. ನೀವು ನೀರಿಗೆ ಬಿದ್ರೆ ಇದು ಕಿತ್ಕೊಂಡು ಬರುತ್ತೆ, ಎಂಜಿನ್ ಆಫ್ ಆಗುತ್ತೆ. ಇಲ್ಲಾಂದ್ರೆ ನಿಮ್ಮನ್ನ ಬಿಟ್ಟು ಗಾಡಿ ಒಂದೇ ಹೋಗಿಬಿಡುತ್ತೆ. ಹಾಗಾಗಿ ಎರಡೂ ಕೈ ಹ್ಯಾಂಡಲ್ ಮೇಲೆ. ಯಾರು ಕರೆದ್ರೂ ಸರಿ, ಕೈ ಎತ್ತಬಾರದು. ನನ್ನ ಹಿಂದೇನೇ ಬರಬೇಕು, ದಾರಿ ಬಿಟ್ಟು ತಿರುಗಬಾರದು."

"ಯಾವ ಕಡೆ ಹೋಗೋದು?"

"ಕೆಳಗೆ, ಕೋಟೆ ಕಡೆ."

ತನ್ನ ಸಾಲು ಇರುವುದು ಮೇಲಿನ ಕಡೆ. ಜಿವೊರಾದ್ ನಿಶ್ಚಿಂತೆಯಿಂದ ಗಾಡಿ ಹತ್ತಿದ. ಅವನ ಜೊತೆ ಹೊಸದಾಗಿ ಮದುವೆಯಾದ ಒಂದು ಜೋಡಿಯೂ ಇನ್ನೊಂದು ಗಾಡಿಯಲ್ಲಿತ್ತು. ಅವರಿಗೆ ಒಬ್ಬರನ್ನೊಬ್ಬರು ಬಿಟ್ಟು ಬೇರೆ ಯಾರೂ ಕಾಣುತ್ತಿರಲಿಲ್ಲ.

ಸೇತುವೆ ದಾಟುವಷ್ಟರಲ್ಲಿ ಕೆಳಗಿನಿಂದ ಮರಳು ತುಂಬಿದ ಉದ್ದುದ್ದ ದೋಣಿಗಳು ಒಂದರ ಹಿಂದೊಂದು ಬರುತ್ತಿದ್ದವು. ನೆವೆನಾ ಅದನ್ನು ನೋಡಿ, ತೋಳಿನಿಂದ ಒಂದು ಸುತ್ತು ತೋರಿಸಿ, ಸಾಲನ್ನು ಹಿಂದಕ್ಕೆ ತಿರುಗಿಸಿ ಮೇಲಿನ ಕಡೆ ಹೊರಟಳು. ಜಿವೊರಾದ್ ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ದಾರಿ ಬಿಟ್ಟು ತಿರುಗಬಾರದೆಂದು ಹೇಳಿದ್ದಳಲ್ಲ. ನಿಯಮ ಮುರಿದವರನ್ನು ಜೀವನಪೂರ್ತಿ ಬೈದವನು ಬಾಯಿ ಮುಚ್ಚಿಕೊಂಡು ಹಿಂಬಾಲಿಸಿದ.

ಬಯಲು ನೀರಿನಲ್ಲಿ ಅವಳು ವೇಗ ಹೆಚ್ಚಿಸಿದಳು. ಜಿವೊರಾದನೂ ಹೆಚ್ಚಿಸಿದ. ಅವನಿಗೆ ಸುಖವಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಹಳಿ ಬಿಟ್ಟು ಆಚೀಚೆ ಹೋಗದ ಬಂಡಿಗಳನ್ನು ಮೂವತ್ತು ವರ್ಷ ಕಾಯ್ದವನಿಗೆ ಹಳಿಯೇ ಇಲ್ಲದ ಬಂಡಿ ಸಿಕ್ಕಿತ್ತು. ನೀರು ಮುಖಕ್ಕೆ ರಾಚಿತು, ಟೋಪಿ ಹಾರಿಹೋಯಿತು, ಅವನು ಅದನ್ನು ಗಮನಿಸಲೂ ಇಲ್ಲ. ಡಿಪೊದ ವಾರ್ಷಿಕೋತ್ಸವದಲ್ಲಿ ಹಾಡುತ್ತಿದ್ದ ಹಾಡನ್ನು ಗಟ್ಟಿಯಾಗಿ ಹಾಡಿದ. ಇಂಥದ್ದನ್ನು ನಿಲ್ಲಿಸುತ್ತೇನೆಂದು ಓಟು ಕೇಳುತ್ತಿದ್ದೇನಲ್ಲ ಎಂಬ ಯೋಚನೆ ಒಮ್ಮೆ ಬಂತು. ಅದಕ್ಕೆ ಅಲ್ಲಿ ಕೂರಲು ಜಾಗವಿರಲಿಲ್ಲ.

ಅಷ್ಟರಲ್ಲಿ ನೆವೆನಾ ನಿಧಾನವಾದಳು. ತೇಲುಮನೆಗಳ ಸಾಲು ಬಂದಿತ್ತು, ಇಲ್ಲಿ ಆಮೆಯ ಹಾಗೆ ಹೋಗಬೇಕೆಂಬ ನಿಯಮವಿತ್ತು. ನಿಯಮ ಯಾರು ಮಾಡಿಸಿದ್ದೆಂದು ಜಿವೊರಾದನಿಗೆ ಚೆನ್ನಾಗಿ ಗೊತ್ತು. ಇಲ್ಲದಿದ್ದರೆ ಬುರ್ರೆಂದು ದಾಟಿ ಹೋಗಬಹುದಿತ್ತು. ಈಗ ಟೋಪಿಯಿಲ್ಲದ ಬೋಳುತಲೆಯೊಂದಿಗೆ, ಹೆಣದ ಮೆರವಣಿಗೆಯ ವೇಗದಲ್ಲಿ, ಒಬ್ಬೊಬ್ಬ ಮತದಾರನ ಮುಂದೆಯೂ ಸಾಗಬೇಕಾಯಿತು.

ಮೊದಲ ಮನೆ ಸ್ರೆಟೆನನದು. ಅವನು ಜಿವೊರಾದನ ಕೂಮ; ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು. ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ಈ ನಂಟಿನ ಮುಂದೆ ಒಡಹುಟ್ಟಿದವರೂ ಎರಡನೆಯವರು. ಕೂಮ ಗಾಳ ಹಾಕಿ ಕೂತಿದ್ದವನು ಸ್ಕೂಟರುಗಳನ್ನು ಕಂಡು ರೂಢಿಯಂತೆ ಕೈ ಎತ್ತಿದ. ಎತ್ತಬಾರದು ಎಂದು ಜಿವೊರಾದನ ತಲೆ ಹೇಳಿತು. ಆದರೆ ಕೈಯನ್ನು ಬೆಳೆಸಿದ್ದು ತಲೆಯಲ್ಲ, ನದಿ. ಬಲಗೈ ವೇಗದ ಹಿಡಿಕೆಯ ಮೇಲಿತ್ತು, ಎಡಗೈ ಮೇಲೆ ಹೋಯಿತು, ಕೆಂಪು ದಾರ ಟಪ್ಪೆಂದು ಕಿತ್ತು ಬಂತು. ಎಂಜಿನ್ ನಿಂತಿತು. ಗಾಡಿ ತೇಲಿಕೊಂಡು ಹೋಗಿ ಕೂಮನ ಮೆಟ್ಟಿಲಿಗೆ ಮೆಲ್ಲಗೆ ತಾಗಿತು.

ಸ್ರೆಟೆನ್ ಬಗ್ಗಿ ನೋಡಿದ. "ಕೂಮಾ? ನೀನಾ?"

"ಮೆಲ್ಲಗೆ ಮಾತಾಡು. ತನಿಖೆಗೆ ಬಂದಿದ್ದೀನಿ."

"ಯಾರ ತನಿಖೆ?"

"ಶತ್ರುಗಳದ್ದು."

ಸ್ರೆಟೆನ್ ಗಾಡಿಯನ್ನು ನೋಡಿದ, ತೇಲುಕೋಟು ನೋಡಿದ. ನಂಬಿದನೋ ಇಲ್ಲವೋ, ಮನೆ ಮುಂದೆ ನಿಂತವನು ನೆಂಟ. ಒಳಗೆ ಕೂಗಿದ; ಎರಡು ಲೋಟ ರಾಕಿಯಾ ಬಂತು. ಹಿಂದೆ ಬಂದ ನೆವೆನಾ, ಕುಡಿದರೆ ಸವಾರಿ ಇಲ್ಲಿಗೇ ಮುಗಿಯಿತು ಎಂದಳು. ಕೂಮನ ಕೈಯ ಲೋಟ ಬೇಡವೆನ್ನುವುದು ಅವನ ಹೆಂಡತಿಯನ್ನು ಬೈದಂತೆ. ಕೊನೆಗೆ ಸ್ರೆಟೆನ್ ತನ್ನದನ್ನು ಕುಡಿದು, ಜಿವೊರಾದನ ಪರವಾಗಿ ಅವನದನ್ನೂ ಕುಡಿದು ಮರ್ಯಾದೆ ಉಳಿಸಿದ. ನೆವೆನಾ ದಾರ ಸಿಕ್ಕಿಸುತ್ತಿದ್ದಾಗ ಸ್ರೆಟೆನ್ ಜಿವೊರಾದನ ಕಿವಿಯ ಹತ್ತಿರ ಬಾಯಿ ತಂದ.

"ಹೆಂಗಿದೆ?"

"ಅಸಹ್ಯ," ಎಂದ ಜಿವೊರಾದ್. ಅವನ ಮುಖ ಮಾತ್ರ ಕಿವಿಯಿಂದ ಕಿವಿಯವರೆಗೆ ಅರಳಿತ್ತು.

"ಚಿಕ್ಕಪ್ಪಾ," ಎಂದಳು ನೆವೆನಾ, "ಎರಡೂ ಕೈ ಎಲ್ಲಿರಬೇಕು?"

"ಹ್ಯಾಂಡಲ್ ಮೇಲೆ."

"ಮಗ್ಗಿ ಥರ ಬಾಯಿಪಾಠ ಬೇಡ. ಇಡಿ."

ಮುಂದಿನ ಮನೆಗಳ ಹತ್ತಿರ ಅವನು ಕಣ್ಣು ಮುಚ್ಚಿಕೊಂಡ. ಯಾರು ಕೈ ಎತ್ತಿದರೆಂದು ಕಾಣದಿದ್ದರೆ ತಾನೂ ಎತ್ತಬೇಕಾಗಿಲ್ಲ ಎಂಬ ಲೆಕ್ಕ. ಗಾಡಿ ಓರೆಯಾಗಿ ಹೋಯಿತು, ನೆವೆನಾ ಸೀಟಿ ಊದಿದಳು, ಕಣ್ಣು ತೆರೆಯಬೇಕಾಯಿತು. ತೆರೆದಾಗ ಎದುರಿಗೆ ಬ್ಲಾಗೊಯೆ ನಿಂತಿದ್ದ. ಅವನ ಮನೆಯ ತುಂಬ ಜನ. ಚುನಾವಣೆಯ ವಾರವಾದ್ದರಿಂದ ಅಲ್ಲಿ ಬೆಳಗಿನಿಂದ ಮಾಂಸ ಸುಡುತ್ತಿದ್ದರು. ಬ್ಲಾಗೊಯೆ ಲೋಟವಿದ್ದ ಕೈಯನ್ನೇ ಎತ್ತಿದ.

ಈ ಒಂದು ಕಡೆ ಕೈ ಎತ್ತದಿದ್ದರೆ ಸಾಕು, ಅಧ್ಯಕ್ಷನಾಗುತ್ತೇನೆ ಎಂದು ಜಿವೊರಾದ್ ಹ್ಯಾಂಡಲನ್ನು ಅಪ್ಪಿಕೊಂಡ. ಎರಡು ಗಳಿಗೆ ಹಾಗೇ ಹೋದ. ಆಗ ಜನರಲ್ಲಿ ಯಾರೋ ಒಬ್ಬರು, "ಯಾರಿದು ಕೈ ಎತ್ತದೇ ಇರೋ ಕಾಡುಮನುಷ್ಯ, ಇವನಿಗೆ ಮನೆಯೋರು ಏನೂ ಕಲಿಸಿಲ್ವಾ," ಎಂದರು. ಸತ್ತ ಅಮ್ಮನ ನೆನಪಾಯಿತು. ಕೈ ಮೇಲೆ ಹೋಯಿತು. ಎಂಜಿನ್ ನಿಂತಿತು.

ಬ್ಲಾಗೊಯೆ ಗುರುತು ಹಿಡಿದ. ಅವನ ಸಂತೋಷ ನೋಡುವ ಹಾಗಿತ್ತು.

"ಬನ್ನಿ ಬನ್ನಿ, ಎಲ್ಲಾ ಬನ್ನಿ. ಸ್ಕೂಟರ್ ಓಡ್ಸೋರ ಪರಮ ಶತ್ರು ಸ್ಕೂಟರ್ ಮೇಲೆ ಕೂತವ್ನೆ. ಏನಯ್ಯಾ ಜಿವೊರಾದ್, ನನ್ನ ಸಾರು ಚೆಲ್ಲೋಕೆ ಬೇರೆಯೋರು ಸಾಲದೆ ಹೋದ್ರಾ?"

ಜನ ಅಂಚಿನ ಕಟಾಂಜನಕ್ಕೆ ಬಂದು ಬಾಗಿದರು. ಜಿವೊರಾದನಿಗೆ ನಾಚಿಕೆಯಾಯಿತು. ನೀರಿಗೆ ಹಾರಿ ಮುಳುಗಿಬಿಡೋಣ ಎನಿಸಿತು, ಆದರೆ ತೇಲುಕೋಟು ಮುಳುಗಲು ಬಿಡುತ್ತಿರಲಿಲ್ಲ. ಮೂವತ್ತು ವರ್ಷ ಟ್ರಾಮು ತಡವಾದಾಗಲೆಲ್ಲ ಪ್ರಯಾಣಿಕರಿಗೆ ಕಾರಣ ಹೇಳಿದ ಬಾಯಿ ತಾನಾಗಿ ತೆರೆದುಕೊಂಡಿತು.

"ನಿಮಗೋಸ್ಕರ ಹತ್ತಿದೆ. ನೋಡದೇ ಬೈಯೋನು ನಾನಲ್ಲ. ಪ್ರಾಣ ಒತ್ತೆ ಇಟ್ಟು ಒಳಗಿಂದ ನೋಡ್ಕೊಂಡು ಬಂದಿದ್ದೀನಿ."

ಹಿಂದಿನಿಂದ ಒಬ್ಬ ಮುದುಕ ಕೇಳಿದ: "ಎಷ್ಟು ಸ್ಪೀಡ್ ಹೋಗುತ್ತೆ?" ಇನ್ನೊಬ್ಬಾಕೆ, ಸೊಂಟ ನೋವಿರುವವರಿಗೆ ಆಗುತ್ತದೆಯೇ ಎಂದಳು. ತೂಕ ಎಷ್ಟಿದ್ದರೆ ಹತ್ತಿಸಿಕೊಳ್ಳುತ್ತಾರೆ ಎಂದು ಮತ್ತೊಬ್ಬ. ಕೇಳುವಾಗ ಎಲ್ಲರೂ ಹುಬ್ಬು ಗಂಟಿಕ್ಕಿಕೊಂಡೇ ಕೇಳಿದರು, ಕಣ್ಣು ಮಾತ್ರ ಗಾಡಿಯ ಮೇಲಿಂದ ಕದಲಲಿಲ್ಲ. ಜಿವೊರಾದ್ ಆ ಕಣ್ಣುಗಳನ್ನು ನೋಡಿದ. ತನ್ನ ಹಾಗೆಯೇ ಇವರೂ ಎಲ್ಲರಿಗಿಂತ ಗಟ್ಟಿಯಾಗಿ ಬೈದು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು. ಅವನಿಗೆ ದಾರಿ ಹೊಳೆಯಿತು.

"ನಾನೊಬ್ಬ ಹೇಳಿದ್ರೆ ಬಂದರು ಕಚೇರಿಯೋರು ನಂಬಲ್ಲ," ಎಂದ. "ನನ್ನನ್ನ ಗೆಲ್ಸಿ. ಪರಿಶೀಲನಾ ಸಮಿತಿ ಮಾಡ್ತೀನಿ. ಪ್ರತಿಯೊಬ್ಬ ಸದಸ್ಯನೂ ಸ್ವತಃ ಹತ್ತಿ, ಈ ಅನ್ಯಾಯ ಎಂಥದ್ದು ಅಂತ ಅನುಭವಿಸಿ ಬರಬೇಕು. ಖರ್ಚು ಸಂಘದ್ದು."

ಬ್ಲಾಗೊಯೆಯ ಲೋಟ ಕೆಳಗಿಳಿಯಿತು. "ಸಮಿತೀಲಿ ಮಾಜಿ ಅಧ್ಯಕ್ಷರು ಇರಬಹುದಾ?" ಎಂದು ಕೇಳಿದ. ಚುನಾವಣೆ ಅಲ್ಲಿಗೇ ಮುಗಿದಂತಾಯಿತು.

ಸಾಲಿನ ಕೊನೆಯದು ಜಿವೊರಾದನ ಸ್ವಂತ ಮನೆ. ರೂಜಿತ್ಸಾ ಮೆಟ್ಟಿಲ ಮೇಲೆ ಕೂತು ದೊಡ್ಡ ಮೀನೊಂದರ ಹೊಟ್ಟೆ ಸೀಳುತ್ತಿದ್ದಳು. ಗೆದ್ದ ಸಂಭ್ರಮದಲ್ಲಿ ಅವನು ತಾನಾಗಿಯೇ ಅವಳ ಕಡೆ ಕೈ ಬೀಸಿದ, ಎಂಜಿನ್ ನಿಂತಿತು. ನೆವೆನಾ ಮೂರನೆಯ ಸಲ ಸುತ್ತು ಹೊಡೆದು ಬಂದಳು. ಅವಳಿಗೆ ಸಾಕುಸಾಕಾಗಿತ್ತು.

"ಚಿಕ್ಕಮ್ಮಾ, ಇವರು ನಿಮ್ಮವರಾ?"

"ಹೂಂ, ನಮ್ಮವರೇ."

"ಕಲಿಯೋದು ಒಂದೇ ಒಂದು ಪಾಠ. ಎರಡೂ ಕೈ ಹ್ಯಾಂಡಲ್ ಮೇಲೆ, ಯಾರು ಕರೆದ್ರೂ ಎತ್ತಬಾರದು. ಅದೂ ಬರ್ತಿಲ್ಲ ಇವರಿಗೆ."

ರೂಜಿತ್ಸಾ ಚಾಕು ಪಕ್ಕಕ್ಕಿಟ್ಟಳು. "ಅಷ್ಟೇನಾ ಪಾಠ?"

"ಅಷ್ಟೇ."

"ಯಾರು ಕರೆದ್ರೂನಾ?"

"ಯಾರು ಕರೆದ್ರೂನೂ."

ಅವಳು ಒಂದು ಕ್ಷಣ ಯೋಚಿಸಿ, ಮತ್ತೆ ಚಾಕು ಎತ್ತಿಕೊಂಡಳು. ಸಂಜೆ ಮನೆಗೆ ಬಂದು ಜಿವೊರಾದ್ ಅರ್ಧ ಚೀಟಿಯನ್ನು ಸಕ್ಕರೆ ಡಬ್ಬದ ಕೆಳಗೆ ಮತ್ತೆ ಇಟ್ಟ.

ಭಾನುವಾರ ಅವನು ಭಾರಿ ಬಹುಮತದಿಂದ ಗೆದ್ದ. ಬ್ಲಾಗೊಯೆಯೇ ಅವನ ಹೆಸರು ಸೂಚಿಸಿದ. ಮರುವಾರದಿಂದ ಪರಿಶೀಲನೆ ಶುರುವಾಯಿತು. ದಿನಕ್ಕೆ ಇಬ್ಬರಂತೆ, ಕೆಲವು ದಿನ ಮೂವರಂತೆ, ಸದಸ್ಯರು ನೆವೆನಾಳ ಹಿಂದೆ ಬಾತುಕೋಳಿಗಳಂತೆ ಸಾಲಾಗಿ ಬಂದರು. ಎಲ್ಲರೂ ಸಾಲಿನವರಿಗೆ ಕೈ ಎತ್ತಿದರು, ಎಲ್ಲರ ಎಂಜಿನ್ನೂ ನಿಂತಿತು. ಅಧ್ಯಕ್ಷರ ಮನೆಯ ಮುಂದಂತೂ ಎಲ್ಲರೂ ತಪ್ಪದೆ ಎತ್ತಿದರು. ವರದಿ ಒಪ್ಪಿಸಬೇಕಲ್ಲ. ನೆವೆನಾ ರಾಕಿಯಾ ಬೇಡವೇ ಬೇಡ ಎಂದು ಪಟ್ಟು ಹಿಡಿದ ಮೇಲೆ ಕಾಫಿಗೆ ರಾಜಿಯಾಯಿತು. ಅಧ್ಯಕ್ಷ ಕೂತಲ್ಲಿಂದ ಕೂಗುತ್ತಿದ್ದ, ರೂಜಿತ್ಸಾ ತರುತ್ತಿದ್ದಳು. ಅನ್ಯಾಯ ಬಹಳ ಆಳವಾದದ್ದು, ಇನ್ನೊಮ್ಮೆ ಹತ್ತದೆ ತೀರ್ಮಾನಕ್ಕೆ ಬರಲಾಗದು ಎಂದು ಎಲ್ಲ ವರದಿಗಳೂ ಹೇಳಿದವು. ಸಾಲು ದಾಟಿದ ಕೂಡಲೇ ಎಲ್ಲರೂ ವೇಗ ಹೆಚ್ಚಿಸುತ್ತಿದ್ದರಿಂದ ಮೊದಲಿನಷ್ಟೇ ಸಾರು ಚೆಲ್ಲುತ್ತಿತ್ತು, ಆದರೆ ಬೈಯುವವರು ಉಳಿದಿರಲಿಲ್ಲ.

ಒಂದು ಬೆಳಗ್ಗೆ ರೂಜಿತ್ಸಾ, ಕೆಂಪುಮೆಣಸಿನ ಪುಡಿ ಮುಗಿದಿದೆ, ಮಾರುಕಟ್ಟೆಗೆ ಹೋಗಿ ಬರುತ್ತೇನೆ ಎಂದು ಹೊರಟಳು. ಜಿವೊರಾದ್ ಹೊರಗಿನ ಒಲೆಯ ಪಕ್ಕ ಅಧ್ಯಕ್ಷನ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಮಧ್ಯಾಹ್ನದ ಹೊತ್ತಿಗೆ ಸಾಲು ಬಂತು. ಮುಂದೆ ನೆವೆನಾ, ಅವಳ ಹಿಂದೆ ಎರಡನೆಯ ಪರಿಶೀಲನೆಗೆ ಹೊರಟ ಸ್ರೆಟೆನ್, ಅವನ ಹಿಂದೆ ಬ್ಲಾಗೊಯೆ. ಕೊನೆಯಲ್ಲಿ ದೊಗಲೆ ತೇಲುಕೋಟು ತೊಟ್ಟು ತಲೆಗೆ ಬಟ್ಟೆ ಕಟ್ಟಿದ ಇನ್ಯಾರೋ. ಸ್ರೆಟೆನ್ ಕೈ ಎತ್ತಿದ, ನಿಂತ. ಬ್ಲಾಗೊಯೆ ಎತ್ತಿದ, ನಿಂತ. ಇಬ್ಬರೂ ಗಾಡಿಗಳನ್ನು ಮೆಟ್ಟಿಲಿಗೆ ಕಟ್ಟಿ ಮೇಲೆ ಬಂದು ಕೂತರು.

"ನೀವು ಇಲ್ಲೇ ಕೂತಿರಿ," ಎಂದಳು ನೆವೆನಾ. "ಇವರನ್ನ ತಿರುವಿನ ತನಕ ಕರ್ಕೊಂಡು ಹೋಗಿ ಬರ್ತೀನಿ."

ಕೊನೆಯ ಗಾಡಿ ಮನೆಯ ಮುಂದೆ ಬಂತು. ಸಮಿತಿಯ ಯಾರೋ ಇರಬೇಕೆಂದು ಜಿವೊರಾದ್ ಕೈ ಎತ್ತಿದ. ಸ್ರೆಟೆನ್ ಎತ್ತಿದ, ಬ್ಲಾಗೊಯೆಯೂ ಎತ್ತಿದ. ಅತ್ತ ಕಡೆಯಿಂದ ಕೈ ಏಳಲಿಲ್ಲ. ತೇಲುಕೋಟಿನ ಕೆಳಗೆ ಹೂವಿನ ಚಿತ್ರದ ಅಡುಗೆಮನೆ ಅಂಗಿ ಕಾಣಿಸಿತು. ಅದು ರೂಜಿತ್ಸಾ.

ಅವಳು ಅವನನ್ನು ನೋಡದೆ ಹೋಗಲಿಲ್ಲ. ಚೆನ್ನಾಗಿಯೇ ನೋಡಿದಳು, ಮೂವರನ್ನೂ ನೋಡಿದಳು. ಎರಡೂ ಕೈ ಹ್ಯಾಂಡಲ್ ಮೇಲೆಯೇ ಇದ್ದವು.

"ರೂಜಿತ್ಸಾ, ಕಾಫಿ," ಎಂದು ಕೂಗಿದ ಜಿವೊರಾದ್, ಬೇರೆ ಏನು ಕೂಗಬೇಕೆಂದು ತಿಳಿಯದೆ.

ಪರಿಶೀಲನೆ ಶುರುವಾದ ಮೇಲೆ ನೆವೆನಾಳ ಹಿಂದೆ ಬಂದು ಸಾಲಿನ ಮುಂದೆ ನಿಲ್ಲದೆ ಹೋದ ಗಾಡಿ ಅದೊಂದೇ. ಸಾಲು ಮುಗಿಯುವ ಕಂಬ ದಾಟುತ್ತಿದ್ದಂತೆ ಅವಳು ವೇಗ ಹೆಚ್ಚಿಸಿದಳು. ಒದ್ದೆ ಕೂದಲು ಬಟ್ಟೆಯಿಂದ ಬಿಚ್ಚಿಕೊಂಡು ಗಾಳಿಗೆ ಬಿತ್ತು. ಅವಳ ಅಲೆ ಬಂದು ಮನೆಯನ್ನು ಅಲ್ಲಾಡಿಸಿತು, ಸಾರಿನ ಪಾತ್ರೆ ತುಳುಕಿ ಒಲೆ ಆರಿತು. ಜಿವೊರಾದನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ಅವಳು ಎಷ್ಟು ನೆಟ್ಟಗೆ ಹೋದಳಲ್ಲ.

ಬ್ಲಾಗೊಯೆ ಕೆಮ್ಮಿದ.

"ಅಧ್ಯಕ್ಷರೇ, ಕಾಫಿಪುಡಿ ಎಲ್ಲಿರುತ್ತೆ ಹೇಳಿ, ನಾನೇ ಮಾಡ್ಕೋತೀನಿ."

ಜಿವೊರಾದ್ ಎದ್ದು ಅಡುಗೆಮನೆಗೆ ಹೋದ. ಅಲ್ಲಿ ಅವನಿಗೆ ಗೊತ್ತಿದ್ದದ್ದು ಸಕ್ಕರೆ ಡಬ್ಬ ಒಂದೇ. ಅದನ್ನು ಎತ್ತಿ ನೋಡಿದ. ಕೆಳಗೆ ಏನೂ ಇರಲಿಲ್ಲ. ಇಷ್ಟು ವರ್ಷ ಕೂಗಿ ತರಿಸಿಕೊಂಡ ಕಾಫಿಯ ಪುಡಿ ಆ ಮನೆಯಲ್ಲಿ ಎಲ್ಲಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.